ಹರಳೆಣ್ಣೆ ಹಚ್ಚಿದ ಡಿಫೆಂಡರ್

ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಒಬ್ಬ ಅಂತರರಾಷ್ಟ್ರೀಯ ಫುಟ್‌ಬಾಲ್ ಆಟಗಾರ ಇದ್ದಾರೆ ಎಂದು ನಾನು ಶಾಲೆಯಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ಅದು ನನ್ನದೇ ತಪ್ಪು. ಹಿಂದಿನ ವರ್ಷ ಅದೇ ಬೇಸ್‌ಮೆಂಟಿನಲ್ಲಿ ಹೆಬ್ಬಾವು ಸಾಕಿದ್ದೇವೆ ಎಂದಿದ್ದೆ.

ಆದರೆ ಈ ಸಲ ಹೇಳಿದ್ದು ಮುಕ್ಕಾಲು ಪಾಲು ನಿಜ. ಅವರು ಫಿನ್‌ಲ್ಯಾಂಡಿನವರು, ವಯಸ್ಸು ಮೂವತ್ತಾರು. ಎತ್ತರ ಆರು ಅಡಿ ನಾಲ್ಕು ಇಂಚು. ನಾನು ಏಳು ಇಂಚು ಎನ್ನುತ್ತಿದ್ದೆ, ಯಾಕೆಂದರೆ ಅಮೆರಿಕದ ಫ್ಲೋರಲ್ ಪಾರ್ಕಿನ ನಮ್ಮ ಬೇಸ್‌ಮೆಂಟಿನ ಸೂರು ಎಷ್ಟು ತಗ್ಗೆಂದರೆ ಒಳಗೆ ನಿಂತಾಗ ಅವರು ಹಾಗೇ ಕಾಣುತ್ತಿದ್ದರು. ಅಮ್ಮ ಅವರನ್ನು ಹೆಸರು ಹಿಡಿದು ಕರೆಯಕೂಡದು ಎಂದದ್ದರಿಂದ ಫಿನ್‌ಲ್ಯಾಂಡ್ ಅಂಕಲ್ ಎಂದೇ ಕರೆಯುತ್ತಿದ್ದೆ. ಬಹುಶಃ ಅಮೆರಿಕದಲ್ಲಿ ಅಂಕಲ್ ಅನ್ನಿಸಿಕೊಂಡ ಮೊದಲ ಫಿನ್‌ಲ್ಯಾಂಡಿನ ಮನುಷ್ಯ ಅವರೇ.

ಅವರು ಡಿಫೆಂಡರ್. ಅಂದರೆ ಗೋಲು ಹೊಡೆಯುವವರಲ್ಲ, ಹೊಡೆಯಲು ಬಂದವನ ದಾರಿಗೆ ಗೋಡೆಯ ಹಾಗೆ ನಿಲ್ಲುವವರು. ಅವರ ಊರಿನಲ್ಲಿ ವರ್ಷದ ಅರ್ಧ ಭಾಗ ಹಿಮ ಬಿದ್ದು ಮೈದಾನವೇ ಕಾಣುವುದಿಲ್ಲವಂತೆ. ಹದಿನೇಳಕ್ಕೆ ಊರಿನ ಕ್ಲಬ್ಬು, ಆಮೇಲೆ ನಾರ್ವೆ, ಸ್ಕಾಟ್ಲೆಂಡ್, ಸೈಪ್ರಸ್, ಕೊನೆಗೆ ನ್ಯೂಜೆರ್ಸಿ; ಒಟ್ಟು ಎಂಟು ಕ್ಲಬ್ಬು. ಶಾಲೆಯಲ್ಲಿ ನಾನು ಹದಿನೆಂಟು ಎಂದೆ. ದೇಶದ ತಂಡಕ್ಕೆ ಒಂದೇ ಒಂದು ಸಲ ಕರೆ ಬಂದಿತ್ತು. ತೊಂಬತ್ತು ನಿಮಿಷವೂ ಬೆಂಚಿನ ಮೇಲೆ ಕೂತು, ಇನ್ನೊಬ್ಬರ ಜಾಕೆಟ್ ಹಿಡಿದುಕೊಂಡಿದ್ದು ವಾಪಸು ಬಂದರು. ಅಂತರರಾಷ್ಟ್ರೀಯ ಎಂಬ ಪದವನ್ನು ನಾನು ಎತ್ತಿಕೊಂಡದ್ದು ಆ ಬೆಂಚಿನಿಂದಲೇ. ಇಡೀ ಆಟದ ಬದುಕಿನಲ್ಲಿ ನಾಲ್ಕು ಗೋಲು. ಅದರಲ್ಲಿ ಎರಡು ತಮ್ಮದೇ ತಂಡದ ಮೇಲೆ.

"ನಾಲ್ಕೂ ಚೆನ್ನಾಗಿದ್ವು," ಎಂದರು ಅವರು, ನಾನು ಕೇಳಿದಾಗ.

ಇದನ್ನು ಕೇಳಿದ ತಕ್ಷಣ ಹೇಳಲಿಲ್ಲ. ಫಿನ್‌ಲ್ಯಾಂಡ್ ಅಂಕಲ್‌ಗೆ ಒಂದು ಪ್ರಶ್ನೆ ಹಾಕಿದರೆ ಅದು ಮೆಟ್ಟಿಲಿಳಿದು ಬೇಸ್‌ಮೆಂಟಿಗೆ ಹೋಗಿ, ಬಟ್ಟೆ ಒಗೆದು, ಒಣಗಿಸಿ, ಮಡಿಸಿಟ್ಟು ಮೇಲೆ ಬರುವಷ್ಟು ಹೊತ್ತಾದ ಮೇಲೆ ಉತ್ತರ. ನಮ್ಮ ಮನೆಯಲ್ಲಿ ಒಬ್ಬರ ಮಾತು ಮುಗಿಯುವುದರೊಳಗೆ ಮೂವರು ಮಾತಾಡಿರುತ್ತಾರೆ. ಹಾಗಾಗಿ ಅವರು ಮೊದಲ ತಿಂಗಳು ಹೇಳಿದ್ದೆಲ್ಲ ಯಾವುದೋ ಹಳೆಯ ಪ್ರಶ್ನೆಗೆ ಉತ್ತರವಾಗಿರುತ್ತಿತ್ತು.

ನ್ಯೂಜೆರ್ಸಿಯ ಕ್ಲಬ್ಬಿನಲ್ಲಿ ಅವರ ತೊಡೆಯ ಹಿಂದಿನ ಸ್ನಾಯು ಹರಿದು, ಕ್ಲಬ್ಬಿನವರು ಕೈಬಿಟ್ಟಿದ್ದರು. ಆರು ತಿಂಗಳು ಕಾಲಿಗೆ ವ್ಯಾಯಾಮ ಮಾಡಿಕೊಂಡು ಕಾದ ಮೇಲೆ ಅದೇ ಕಡೆಯ ಇನ್ನೊಂದು ಸಣ್ಣ ಕ್ಲಬ್ಬಿನಿಂದ ಫೋನ್ ಬಂತು: ಶನಿವಾರ ಮೂರು ಗಂಟೆಗೆ ಒಂದು ಟ್ರಯಲ್ ಮ್ಯಾಚ್, ಬಂದು ಆಡಿ ತೋರಿಸಿ. ಸೇರಿಸಿಕೊಂಡರೆ ಇನ್ನೊಂದು ಸೀಸನ್. ಇಲ್ಲದಿದ್ದರೆ ತಿಂಗಳ ಕೊನೆಗೆ ವೀಸಾ ಮುಗಿಯುತ್ತದೆ, ಊರಿಗೆ ಹೋಗಿ ಭಾವನ ಕಿಟಕಿ ಅಂಗಡಿಯಲ್ಲಿ ನಿಲ್ಲಬೇಕು.

"ಕಿಟಕಿ ಒಳ್ಳೇದೇ," ಎಂದರು. ಬಟ್ಟೆ ಒಗೆದು ಒಣಗಿಸುವಷ್ಟು ಹೊತ್ತು ಬಿಟ್ಟು, "ಆದ್ರೆ ಅದನ್ನ ಯಾರೂ ನಮ್ಮ ಕಡೆ ಒದೆಯಲ್ಲ."

ಆಗ ಮೈಸೂರಿನಿಂದ ನಮ್ಮ ಅಜ್ಜಿ ಬಂದಿದ್ದರು. ಅಜ್ಜಿಗೆ ಇಂಗ್ಲಿಷ್ ಬಾರದು, ಅಂಕಲ್‌ಗೆ ಕನ್ನಡ ಬಾರದು. ನಡುವೆ ಅನುವಾದಕ ನಾನು. ಇಂಥ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡದ್ದು ಅವರಿಬ್ಬರ ದುರದೃಷ್ಟ. ಅಜ್ಜಿ "ಊಟ ಆಯ್ತಾ ಕೇಳೋ" ಎಂದರೆ ನಾನು, ನೀವು ಆಡಿದ ಮ್ಯಾಚುಗಳಲ್ಲಿ ಎಷ್ಟು ಜನರ ಕಾಲು ಮುರಿದಿದೆ ಎಂದು ಅಜ್ಜಿ ಕೇಳುತ್ತಿದ್ದಾರೆ ಎನ್ನುತ್ತಿದ್ದೆ. ಅವರು ಯೋಚಿಸಿ "ಎರಡು" ಎಂದರೆ, ಅಜ್ಜಿಗೆ "ಎರಡು ಚಪಾತಿ ತಿಂದ್ರಂತೆ" ಎನ್ನುತ್ತಿದ್ದೆ.

ಆ ವಾರದ ಗುರುವಾರ ಹಿತ್ತಲ ಮೆಟ್ಟಿಲ ಮೇಲೆ ಅಜ್ಜಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ಫಿನ್‌ಲ್ಯಾಂಡ್ ಅಂಕಲ್ ಹುಲ್ಲಿನ ಮೇಲೆ ಕಾಲು ಚಾಚಿ ವ್ಯಾಯಾಮ ಮಾಡುತ್ತಿದ್ದರು.

"ಆ ಹುಡುಗ ಯಾಕೋ ತೊಡೆ ಹಿಡ್ಕೊಂಡೇ ಓಡಾಡ್ತಾನೆ," ಎಂದರು ಅಜ್ಜಿ. "ಶನಿವಾರ ಗಂಡಸ್ರು ಹರಳೆಣ್ಣೆ ಹಚ್ಕೊಂಡು ಬಿಸಿಬಿಸಿ ನೀರು ಹುಯ್ಕೊಂಡ್ರೆ ಇಂಥದ್ದೆಲ್ಲ ಇರಲ್ಲ. ಹೇಳು ಅವನಿಗೆ."

ಇದನ್ನು ಮಾತ್ರ ಸರಿಯಾಗಿಯೇ ಅನುವಾದ ಮಾಡಿದೆ, ಯಾಕೆಂದರೆ ಇದಕ್ಕಿಂತ ತಮಾಷೆಯದು ನನಗೂ ಹೊಳೆಯಲಿಲ್ಲ.

ಅಂಕಲ್ ವ್ಯಾಯಾಮ ನಿಲ್ಲಿಸಿದರು. "ಶನಿವಾರನಾ?"

"ಹೂಂ, ಶನಿವಾರ."

"ನಮ್ಮಲ್ಲೂ ಶನಿವಾರನೇ." ಅವರ ಊರಿನಲ್ಲಿ ಮನೆಮನೆಗೂ ಒಂದು ಮರದ ಕೋಣೆ, ಸೌನಾ, ಶನಿವಾರವಾದರೆ ಒಲೆ ಹಾಕಿ, ಕಾದ ಕಲ್ಲಿಗೆ ನೀರು ಚೆಲ್ಲಿ, ಆ ಹಬೆಯಲ್ಲಿ ಮನೆಮಂದಿಯೆಲ್ಲ ಬೆವರುತ್ತ ಕೂರುತ್ತಾರಂತೆ. ಇಲ್ಲಿಗೆ ಬಂದ ಮೇಲೆ ಒಂದು ಶನಿವಾರವೂ ಆಗಿಲ್ಲ ಎಂದರು. ಅವರ ಬಾಯಿಂದ ಅಷ್ಟುದ್ದದ ಮಾತು ಬಂದದ್ದು ಅದೇ ಮೊದಲು. "ನೀರು ಎಷ್ಟು ಬಿಸಿ ಇರ್ಬೇಕು ಅಂತ ಕೇಳು."

"ಕೈ ಇಟ್ರೆ ಕಿತ್ಕೋಬೇಕು ಅನ್ನಿಸ್ಬೇಕು," ಎಂದರು ಅಜ್ಜಿ.

ಅಂಕಲ್ ಅಜ್ಜಿಯ ಕಡೆ ನೋಡಿ ತಲೆಯಾಡಿಸಿದರು. ಅಮೆರಿಕದಲ್ಲಿ ಕೊನೆಗೂ ಒಬ್ಬರು ತಿಳಿವಳಿಕೆಯುಳ್ಳವರು ಸಿಕ್ಕಿದರು ಎನ್ನುವ ಹಾಗಿತ್ತು ಅದು.

ಇಲ್ಲಿಂದ ಮುಂದಿನದು ಪೂರ್ತಿ ನನ್ನ ಕಿತಾಪತಿ. ಶನಿವಾರ ಬೆಳಿಗ್ಗೆ ಅಮ್ಮ ಆಸ್ಪತ್ರೆ ಡ್ಯೂಟಿಯಲ್ಲಿ, ಅಪ್ಪ ತರಕಾರಿ ತರಲು ಹಿಲ್‌ಸೈಡ್ ಅವೆನ್ಯೂಗೆ ಹೋಗಿದ್ದರು. ಅಜ್ಜಿ ಎಣ್ಣೆ ಬೆಚ್ಚಗೆ ಮಾಡುತ್ತ ಕೇಳಿದರು: "ಇವತ್ತು ಅವನು ಎಲ್ಲೂ ಹೋಗಲ್ಲ ತಾನೆ? ಎಣ್ಣೆ ಸ್ನಾನ ಮಾಡಿ ತಿರುಗಬಾರ್ದು. ಬಿಸಿ ಸಾರನ್ನ ತಿಂದು ಮಲಗ್ಬೇಕು."

ಟ್ರಯಲ್ ಯಾವತ್ತು ಎಂಬುದು ಅಜ್ಜಿಗೆ ಗೊತ್ತಿರಲಿಲ್ಲ. ನಾನಾದರೋ ನಮ್ಮ ಶಾಲೆಯ ತಂಡದ ಗ್ರೂಪಿನಲ್ಲಿ, ನನ್ನ ಅಂತರರಾಷ್ಟ್ರೀಯ ಆಟಗಾರನಿಗೆ ನಮ್ಮ ಮನೆತನದ ಪ್ರಾಚೀನ ತರಬೇತಿ ಕೊಡುವ ವಿಡಿಯೋ ಹಾಕುತ್ತೇನೆ ಎಂದು ಜಂಬ ಕೊಚ್ಚಿಕೊಂಡಾಗಿತ್ತು.

"ಇಲ್ಲ ಅಜ್ಜಿ, ಇವತ್ತು ರಜ," ಎಂದೆ.

ಅಂಕಲ್‌ಗೂ ಅನುಮಾನ ಬಂತು. "ಇದಾದ್ಮೇಲೆ ಓಡಬಹುದಾ?"

"ಇಂಡಿಯಾದ ಆಟಗಾರರೆಲ್ಲ ದೊಡ್ಡ ಮ್ಯಾಚಿಗೆ ಮುಂಚೆ ಇದನ್ನೇ ಮಾಡೋದು," ಎಂದೆ. ಅವರು ನಂಬಿದರು. ಸುಳ್ಳು ಹೇಳುವವರ ಪಕ್ಕದಲ್ಲಿ ಬೆಳೆದವರಲ್ಲ, ಪಾಪ.

ಅವರನ್ನು ಮಣೆಯ ಮೇಲೆ ಕೂರಿಸಿದೆವು. ಮಣೆ ಕಾಣಿಸದಾಯಿತು. ಕೂತರೂ ಅವರ ತಲೆ ಅಜ್ಜಿಯ ಎದೆಯ ಮಟ್ಟಕ್ಕಿತ್ತು. ಅಜ್ಜಿ ನೆತ್ತಿಗೆ ಎಣ್ಣೆ ಸುರಿದು ಎರಡೂ ಕೈಯಿಂದ ತಟ್ಟಲು ಶುರು ಮಾಡಿದರು. ಇಪ್ಪತ್ತು ವರ್ಷ ಗಾಳಿಯಲ್ಲಿ ಹಾರಿ ಬಂದ ಚೆಂಡುಗಳಿಗೆಲ್ಲ ಡಿಕ್ಕಿ ಹೊಡೆದ ಆ ಹಣೆ, ನಮ್ಮಜ್ಜಿಯ ಕೈ ಕೆಳಗೆ ಮೆಲ್ಲಗೆ ಮುಂದಕ್ಕೆ ಬಾಗಿತು. ಕಣ್ಣು ಮುಚ್ಚಿತು. ವಿಡಿಯೋ ಅದ್ಭುತವಾಗಿ ಬಂತು. ಕಾಲಿಗೆ ಅವರೇ ಹಚ್ಚಿಕೊಂಡರು, ಅರ್ಧ ಬಾಟಲಿ ಖಾಲಿ.

ಅವರು ಬಚ್ಚಲಿಗೆ ಹೋದಾಗ ಅಜ್ಜಿ ನನ್ನ ಕೈಗೆ ಸೀಗೆಪುಡಿಯ ಬಟ್ಟಲು ಕೊಟ್ಟರು. "ಕೊಡು ಅವನಿಗೆ. ಇದಿಲ್ದೆ ಎಣ್ಣೆ ಹೋಗಲ್ಲ." ನಾನು ವಿಡಿಯೋ ಕಳಿಸುವ ಅವಸರದಲ್ಲಿ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಮರೆತೆ. ಅಂಕಲ್ ಬರೀ ಬಿಸಿನೀರು ಹುಯ್ದುಕೊಂಡು, ಬೆಂದ ಏಡಿಯಂತೆ ಕೆಂಪಾಗಿ, ಹೊಸ ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುತ್ತ ಹೊರಬಂದರು.

ಅಪ್ಪ ವಾಪಸು ಬಂದಾಗ ಅವರು ಮೆಣಸಿನ ಸಾರು, ಅನ್ನ, ತುಪ್ಪ ಮೂರನೇ ಸಲ ಹಾಕಿಸಿಕೊಳ್ಳುತ್ತಿದ್ದರು. ಅಪ್ಪ ತರಕಾರಿ ಚೀಲ ಇಳಿಸಲೇ ಇಲ್ಲ.

"ಅಮ್ಮ, ಮೂರು ಗಂಟೆಗೆ ಟ್ರಯಲ್ ಇಟ್ಕೊಂಡು ಎಣ್ಣೆ ಸ್ನಾನ ಮಾಡ್ಸಿದೀಯಾ?"

ಅಜ್ಜಿಯ ಕೈಯಲ್ಲಿ ಸೌಟು ಹಾಗೇ ನಿಂತಿತು. "ಇವತ್ತಾ? ರಜ ಅಂದ್ಯಲ್ಲೋ," ಎಂದು ನನ್ನ ಕಡೆ ತಿರುಗಿದರು. ನಾನು ಹಪ್ಪಳದ ಡಬ್ಬಿಯೊಳಗೆ ನೋಡಿದೆ. ಅಜ್ಜಿ ಬೈಯಲಿಲ್ಲ. ಮೆತ್ತಗೆ, "ಒಬ್ಬ ಹುಡುಗನ ಕೆಲಸ ಕಳೆದ್ನಲ್ಲ ನಾನು," ಎಂದು ಸೌಟನ್ನು ಪಾತ್ರೆಗೆ ಬಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಾರು ನಮ್ಮ ಬೀದಿ ದಾಟುವುದರೊಳಗೆ ಅಂಕಲ್ ನಿದ್ದೆ ಹೋದರು. ಅಪ್ಪ ಡ್ರೈವ್ ಮಾಡುತ್ತ ಒಂದು ಕಣ್ಣು ಟ್ರಾಫಿಕ್ ಮೇಲೆ, ಒಂದು ಕಣ್ಣು ಸೀಟಿನ ಮೇಲೆ ಹರಡುತ್ತಿದ್ದ ಎಣ್ಣೆಯ ಕಲೆಯ ಮೇಲೆ ಇಟ್ಟಿದ್ದರು. ನ್ಯೂಜೆರ್ಸಿಗೆ ದಾಟುವ ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ ನಲವತ್ತು ನಿಮಿಷ ನಿಂತೆವು. ಅಷ್ಟೂ ಹೊತ್ತು ಗೊರಕೆ. ಪಕ್ಕದ ಲಾರಿಯವನು ನಮ್ಮ ಇಂಜಿನ್ ಕೆಟ್ಟಿದೆ ಎಂದುಕೊಂಡು ಕಿಟಕಿಯಿಂದ ಬಗ್ಗಿ ನೋಡಿದ ಎಂದರೆ ಉತ್ಪ್ರೇಕ್ಷೆಯಾಗುತ್ತದೆ, ಆದರೆ ನೋಡಿದ್ದಂತೂ ನಿಜ.

ಮ್ಯಾಚು ಶುರುವಾಯಿತು. ಹತ್ತನೇ ನಿಮಿಷಕ್ಕೆ ಎದುರಾಳಿಗಳ ಕಡೆಯಿಂದ ಎತ್ತರಕ್ಕೆ ಒಂದು ಚೆಂಡು ಬಂತು. ಇಂಥ ಚೆಂಡಿಗಾಗಿಯೇ ಅಂಕಲ್ ಹುಟ್ಟಿದ್ದು. ಎಲ್ಲರಿಗಿಂತ ಮೇಲೆ ನೆಗೆದರು, ಹಣೆ ಕೊಟ್ಟರು. ಚೆಂಡು ಮುಂದಕ್ಕೆ ಹಾರುವ ಬದಲು ಅವರ ನೆತ್ತಿಯ ಮೇಲೆ, ದೋಸೆ ಕಾವಲಿಯ ಮೇಲೆ ಬೆಣ್ಣೆ ಜಾರುವಂತೆ ಜಾರಿ, ಹಿಂದಕ್ಕೆ ಹೋಗಿ, ನೆಟ್ಟಗೆ ತಮ್ಮದೇ ಗೋಲಿನೊಳಗೆ ಬಿತ್ತು. ಗೋಲ್‌ಕೀಪರ್ ಕೈಕಟ್ಟಿಕೊಂಡು ನಿಂತಿದ್ದ, ಆ ಕಡೆಯಿಂದ ಬರುತ್ತದೆಂದು ಅವನಿಗೇನು ಗೊತ್ತು.

ಆಮೇಲೆ ಎರಡು ಚೆಂಡು ಹಾಗೇ ಜಾರಿ ಹೊರಗೆ ಹೋದವು. ಅವರನ್ನು ಭುಜದಿಂದ ತಳ್ಳಲು ಬಂದ ಎದುರಾಳಿಯೂ ಜಾರಿ ಮುಗ್ಗರಿಸಿದ, ಅದೊಂದು ಲಾಭ. ಕೋಚ್ ಎಂಬ ಕುಳ್ಳ ಮನುಷ್ಯ ಟೋಪಿ ತೆಗೆದು ತಲೆ ಕೆರೆದುಕೊಂಡು, ಕೈಯಲ್ಲಿದ್ದ ಕಾಗದದ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದ. ಅದು ಯಾರ ಹೆಸರಿನ ಮೇಲೆ ಎಂದು ನನಗೆ ಗೊತ್ತಾಯಿತು.

ಅಪ್ಪ ನನ್ನನ್ನು ನೋಡಲೂ ಇಲ್ಲ. "ಹೋಗಿ ಹೇಳು," ಎಂದರು ಅಷ್ಟೇ.

ಹಾಫ್ ಟೈಮಿನಲ್ಲಿ ಕೋಚ್‌ನ ಹತ್ತಿರ ಹೋದೆ. ನನ್ನ ಜೀವನದಲ್ಲಿ ಒಂದೂ ಸೇರಿಸದೆ ಒಂದೂ ಬಿಡದೆ ಒಂದು ಕಥೆ ಹೇಳಿದ್ದು ಅದೇ ಮೊದಲು. ಅಜ್ಜಿ, ಶನಿವಾರ, ಹರಳೆಣ್ಣೆ, ವಿಡಿಯೋ, ಮೆಟ್ಟಿಲ ಮೇಲಿನ ಬಟ್ಟಲು. ಇಷ್ಟು ನಿಜವಾದ ಕಥೆ ಇಷ್ಟು ಸುಳ್ಳಿನ ಹಾಗೆ ಕೇಳಿಸಬಲ್ಲದು ಎಂದು ನನಗೆ ತಿಳಿದಿರಲಿಲ್ಲ. ಕೋಚ್ ಹೋಗಿ, ಅಂಕಲ್‌ನ ಎದುರು ಹಿಮ್ಮಡಿ ಎತ್ತಿ ನಿಂತು, ಅವರ ತಲೆಯನ್ನು ಬೆರಳಿನಿಂದ ಮುಟ್ಟಿದ. ಬೆರಳು ಮೂಸಿದ.

"ಹತ್ತು ನಿಮಿಷ ಇದೆ," ಎಂದ ನನಗೆ.

ಮೈದಾನದ ಪಕ್ಕದ ತಿಂಡಿ ಅಂಗಡಿಯ ಹಿಂದೆ ಒಂದು ನಲ್ಲಿ ಇತ್ತು. ಅಂಗಡಿಯ ಹೆಂಗಸು ಪಾತ್ರೆ ತೊಳೆಯುವ ಸೋಪಿನ ಬಾಟಲಿ ಕೊಟ್ಟಳು, ಯಾಕೆ ಎಂದು ಕೇಳಲಿಲ್ಲ, ನ್ಯೂಜೆರ್ಸಿಯವರು ಒಳ್ಳೆಯವರು. ಅಂಕಲ್ ಮಂಡಿಯೂರಿ ಕೂತರು. ನಾನು ಅವರ ತಲೆಯನ್ನು ತಳ ಹಿಡಿದ ಪಾಯಸದ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೆ. ಮೂರು ಸಲ ತೊಳೆದರೂ ನೀರು ಮುತ್ತಿನ ಹಾಗೆ ಉರುಳಿ ಹೋಗುತ್ತಿತ್ತು. ನಾಲ್ಕನೆಯ ಸಲಕ್ಕೆ ಕೂದಲು ಕೀಚ್ ಎಂದಿತು.

"ನಾನೇ ಸುಳ್ಳು ಹೇಳಿದ್ದು ಅಂಕಲ್," ಎಂದೆ ನೊರೆಯ ನಡುವೆ. "ಇಂಡಿಯಾದಲ್ಲಿ ಯಾರೂ ಮ್ಯಾಚಿನ ಮುಂಚೆ ಹೀಗೆ ಮಾಡಲ್ಲ."

ಸೀಟಿ ಕೇಳಿಸಿತು, ಅಂಕಲ್ ಎದ್ದು ಹೋದರು. ಮೈದಾನದ ಗೆರೆ ದಾಟುವಾಗ ತಿರುಗಿ, "ಸ್ನಾನ ಚೆನ್ನಾಗಿತ್ತು," ಎಂದರು.

ಎರಡನೆಯ ಅರ್ಧದಲ್ಲಿ ಚೆಂಡು ಅವರ ಹಣೆಗೆ ಬಡಿದ ಸದ್ದು ಕಾರ್ ಪಾರ್ಕಿನವರೆಗೆ ಕೇಳಿಸಿತು. ಓಡುವ ಶಕ್ತಿಯಂತೂ ಅವರಲ್ಲಿ ಇರಲಿಲ್ಲ, ಸಾರನ್ನ ಅದನ್ನು ಪೂರ್ತಿ ತೆಗೆದುಕೊಂಡಿತ್ತು. ಆದರೆ ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ತಿಳಿದವರ ಹಾಗೆ ಅಲ್ಲಿ ಹೋಗಿ ನಿಂತಿರುತ್ತಿದ್ದರು. ಇಪ್ಪತ್ತು ವರ್ಷದ ಹುಡುಗರು ಸುತ್ತ ಬೆವರು ಸುರಿಸಿ ಓಡಿ ಬಂದು, ಅವರಿಗೆ ಡಿಕ್ಕಿ ಹೊಡೆದು, ಬೇರೆ ದಾರಿ ಹುಡುಕುತ್ತಿದ್ದರು. ಆ ಕಡೆಯವರಿಗೆ ಮತ್ತೊಂದು ಗೋಲು ಸಿಗಲಿಲ್ಲ.

ಮ್ಯಾಚು ಮುಗಿದು ಕೋಚ್ ಬಂದ. ಅಂಕಲ್ ಕೈಚೀಲದ ಪಕ್ಕ ಬೆಂಚಿನ ಮೇಲೆ ಕೂತಿದ್ದರು.

"ಪ್ರಾಕ್ಟೀಸಿಗೆ ಬರ್ತಾ ಇರಿ, ನೋಡೋಣ," ಎಂದ ಕೋಚ್. ಅಂಕಲ್ ಸುಮ್ಮನಿದ್ದರು. ಕೋಚ್ ಕಾಲು ಬದಲಿಸಿ ನಿಂತ. "ಸರಿ, ಈ ತಿಂಗಳ ಮ್ಯಾಚುಗಳಿಗೆ ಬೆಂಚಿನಲ್ಲಿ ಇರಿ." ಅಂಕಲ್ ಸುಮ್ಮನಿದ್ದರು, ಕೋಚ್‌ನ ಕಿವಿಯ ಪಕ್ಕದಲ್ಲಿ ಎಲ್ಲೋ ದೂರಕ್ಕೆ ನೋಡುತ್ತ. ಅಪ್ಪ ಏನೋ ಹೇಳಲು ಬಾಯಿ ತೆರೆದರು, ನಾನು ಅವರ ತೋಳು ಹಿಡಿದೆ. ಕೋಚ್ ಟೋಪಿ ತೆಗೆದು, ಹಾಕಿಕೊಂಡು, ಉಸಿರು ಬಿಟ್ಟ. "ಆಯ್ತು. ಇಡೀ ಸೀಸನ್, ವೀಸಾ ಕಾಗದ ನಾವೇ ಮಾಡ್ತೀವಿ. ಆದ್ರೆ ಮೊದಲು ಬೆಂಚು. ಇದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ."

ಅಂಕಲ್ ಬೆಚ್ಚಿಬಿದ್ದವರ ಹಾಗೆ ನೋಡಿ, "ಓಕೆ," ಎಂದರು.

ಕಾರಿನಲ್ಲಿ ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಆ ಧೈರ್ಯ ಹೇಗೆ ಬಂತು, ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದು ಎಲ್ಲಿ ಕಲಿತಿರಿ ಎಂದು ಕೇಳಿದೆ.

ಸೇತುವೆ ಬರುವವರೆಗೂ ಉತ್ತರವಿಲ್ಲ. ಆಮೇಲೆ, "ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿದ್ದೆ," ಎಂದರು. "ಕೋಚ್ ಮೊದಲು ಏನಂದ್ರು?"

ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ನಾವು ಒಳಗೆ ಬರುವುದಕ್ಕೂ ಬಿಡಲಿಲ್ಲ. "ಏನಾಯ್ತೋ? ಕೆಲಸ ಸಿಕ್ತಾ ಆ ಹುಡುಗನಿಗೆ?"

"ಸಿಕ್ತು ಅಜ್ಜಿ. ಆದ್ರೆ ಸದ್ಯಕ್ಕೆ ಆಡೋ ಹಾಗಿಲ್ಲ. ಆಟದ ಬಟ್ಟೆ ಹಾಕ್ಕೊಂಡು ಬೆಂಚಿನ ಮೇಲೆ ಕೂತಿರ್ಬೇಕು, ಯಾರಾದ್ರೂ ಬಿದ್ರೆ ಕರೀತಾರೆ."

"ಸಂಬಳ?"

"ಕೊಡ್ತಾರೆ."

"ಕೂತ್ಕೊಂಡಿದ್ರೂ ಕೊಡ್ತಾರಾ?"

"ಕೊಡ್ತಾರೆ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಂಕಲ್‌ನ ಕಡೆ ತಲೆಯೆತ್ತಿ ನೋಡಿದರು. "ಸರ್ಕಾರಿ ಕೆಲಸ ಅನ್ನು. ಒಳ್ಳೇದೇ ಆಯ್ತು ಬಿಡಪ್ಪ."

ಏನಂದರು ಎಂದು ಅಂಕಲ್ ಕೇಳಿದರು. ನಾನು ಒಂದಕ್ಷರವೂ ಸೇರಿಸದೆ ಹೇಳಿದೆ. ಅವರು ತಲೆ ತಗ್ಗಿಸಿ, ಬೇಸ್‌ಮೆಂಟಿನ ಬಾಗಿಲ ಚೌಕಟ್ಟಿಗೆ ಹಣೆ ತಗಲದ ಹಾಗೆ ನೋಡಿಕೊಂಡು, ಎಣ್ಣೆಯ ಕಾಲಿನಲ್ಲಿ ಒಂದೊಂದೇ ಮೆಟ್ಟಿಲು ಹುಷಾರಾಗಿ ಇಳಿದು ಹೋದರು.