ಶಾರದಕ್ಕ ತೆಗೆದಿಟ್ಟ ಒಂದು ಪಾಲು

ಥರ್ಮಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆಯುವಾಗ ಹಲ್ಲು ಜುಮ್ಮೆನ್ನಿಸುವ ಸದ್ದೊಂದು ಬರುತ್ತದಲ್ಲ, ಮೊನ್ನೆ ಕುಂದಾಪುರದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಅದನ್ನು ಕೇಳಿದ್ದೇ ನನಗೆ ನಾವುಂದದ ಶಾರದಕ್ಕ ನೆನಪಾದರು. ಪೆಟ್ಟಿಗೆಯಲ್ಲಿ ಐಸಿನ ನಡುವೆ ಒಂದು ಪುಟ್ಟ ಶೀಶೆ. ಅದರೊಳಗೆ ಒಂದು ಉದ್ಧರಣೆ ತೀರ್ಥಕ್ಕಿಂತಲೂ ಕಡಿಮೆ ಆಂಟಿಬಾಡಿ.

ಇದರ ಕೆಲಸ ಕೇಳಿದರೆ ನೀವೂ ಬೆರಗಾಗುತ್ತೀರಿ. ನಮ್ಮ ಮೈಯ ಜೀವಕೋಶ ಸಾಯುವ ಕಾಲ ಬಂದಾಗ ಗಲಾಟೆ ಮಾಡುವುದಿಲ್ಲ. ಒಳಗೇ ಒಂದು ಪ್ರೋಟೀನು ತುಂಡಾಗುತ್ತದೆ, ಕೋಶ ತನ್ನ ಪಾಡಿಗೆ ಮುದುಡಿಕೊಂಡು ಹೋಗುತ್ತದೆ. ಸಾವಿರಾರು ಪ್ರೋಟೀನುಗಳ ಗುಂಪಿನಲ್ಲಿ ಈ ಆಂಟಿಬಾಡಿ ಆ ತುಂಡನ್ನೇ ಹುಡುಕಿ ಹಿಡಿಯುತ್ತದೆ. ಹಿಡಿದರೆ ಪರೀಕ್ಷೆಯ ಕೊನೆಗೆ ಎಕ್ಸ್‌ರೇ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಕೋಶ ಸಾಯುತ್ತಿದೆ ಎಂದರ್ಥ.

ಶಾರದಕ್ಕನ ಪರಿಚಯವಾದದ್ದು ನಾನು ಬ್ರಹ್ಮಾವರದ ಬಳಿ ಸಂಶೋಧನೆ ಮಾಡುತ್ತಿದ್ದ ದಿನಗಳಲ್ಲಿ. ಗದ್ದೆಯಂಚಿನ ಒಂದು ಗಿಡದ ರಸ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆಂದು ಮೂರು ವರ್ಷ ನಂಬಿ ಕೂತಿದ್ದೆ. ಶಾರದಕ್ಕ ಅಲ್ಲಿನ ಟೆಕ್ನಿಷಿಯನ್. ಅವರ ಅಮ್ಮ ಬುಟ್ಟಿ ಹೊತ್ತು ಮೀನು ಮಾರಿದವರು. ನಾನೋ ಸಾಲಿಗ್ರಾಮದ ಪೂಜೆಯ ಮನೆಯವನು. ತೀರ್ಥದ ಪಾತ್ರೆ ಒಂದೇ, ಅದರಿಂದಲೇ ಎಲ್ಲರಿಗೂ ಒಂದೊಂದು ಉದ್ಧರಣೆ. ನಾನು ಕಂಡ ಕ್ರಮ ಅದು. ಆಂಟಿಬಾಡಿಗೂ ಅದನ್ನೇ ಮಾಡಿದೆ. ಶೀಶೆಯನ್ನು ಫ್ರೀಜರಿನಿಂದ ತೆಗೆಯುವುದು, ಕರಗಿಸಿ ಒಂದು ಹನಿ ತೆಗೆದುಕೊಳ್ಳುವುದು, ಮತ್ತೆ ಹೆಪ್ಪುಗಟ್ಟಲು ಒಳಗಿಡುವುದು. ಎಂಥ ಜೋಪಾನ ಎಂದು ನನ್ನಷ್ಟಕ್ಕೆ ನಾನೇ ಬೀಗಿದ್ದೂ ಉಂಟು.

ಕಡೆಯ ಪ್ರಯೋಗದ ಫಿಲ್ಮ್ ಖಾಲಿ ಬಂತು. ಗಿಡದಲ್ಲಿ ಏನೂ ಇಲ್ಲವೆಂದು ವರದಿ ಬರೆಯಲು ಕೂತೆ. ಶಾರದಕ್ಕ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು.

“ಹ್ವಾಯ್ ಭಟ್ರೆ, ಈ ಶೀಶೆ ಎಷ್ಟ್ ಸಲ ಕರ್ಗ್ಸಿದ್ರಿ?”

“ಹತ್ತ್ ಹನ್ನೆರಡ್ ಸಲ ಆಯ್ತೇನೊ.”

“ಅಯ್ಯೋ ದೇವ್ರೆ! ಕರ್ಗಿದ್ ಬಂಗ್ಡೆ ಮತ್ತೆ ಐಸಿಗ್ ಹಾಕ್ರೆ ಎಂತ ಆತ್ತ್ ಅಂದ್ ಗೊತ್ತಿಲ್ಯಾ? ಗೊತ್ತಿಪ್ಪುದ್ ಹ್ಯಾಂಗೆ, ನೀವ್ ತಿಂಬುದಿಲ್ಲ! ಬಂದ್ ದಿವ್ಸವೇ ಒಂದೊಂದ್ ಸಲಕ್ಕ್ ಬೇಕಾದಷ್ಟ್ ಪಾಲ್ ಮಾಡಿ ಇಡಿ ಅಂದಿದ್ದೆ, ಕೇಂಡ್ರಿಯಾ? ಸತ್ತದ್ದ್ ನಿಮ್ಮ್ ಆಂಟಿಬಾಡಿ.”

ಹೌದು, ಅಂದಿದ್ದರು. ಎಂ.ಎಸ್ಸಿ.ಯಲ್ಲಿ ಮೊದಲ ದರ್ಜೆ ಪಡೆದ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಹೊಸ ಶೀಶೆಗೆ ತಿಂಗಳುಗಟ್ಟಲೆ ಕಾಯಬೇಕು, ನನ್ನ ಅವಧಿ ಮುಗಿಯುತ್ತಿತ್ತು. ನಾಚಿಕೆಯಿಂದ ಕುಗ್ಗಿಹೋದೆ. ಶಾರದಕ್ಕ ಫ್ರೀಜರಿನ ತಳಕ್ಕೆ ಕೈಹಾಕಿ ಒಂದು ಪುಟ್ಟ ಕೊಳವೆ ತೆಗೆದರು. ನನ್ನ ಜಂಬ ಕಂಡ ದಿನವೇ, ಒಂದು ಪ್ರಯೋಗಕ್ಕೆ ಸಾಕಾಗುವಷ್ಟು ಪಾಲನ್ನು ಸದ್ದಿಲ್ಲದೆ ತೆಗೆದಿಟ್ಟಿದ್ದರು.

ಈ ಸಲ ನನ್ನ ಕೋಶಗಳ ಪಕ್ಕದಲ್ಲಿ, ಸಾಯುತ್ತಿವೆ ಎಂದು ಖಾತ್ರಿಯಿದ್ದ ಬೇರೆ ಕೋಶಗಳನ್ನೂ ಇಡಿಸಿದರು. ಆ ಕಡೆ ಕಡುಗಪ್ಪು ಗೆರೆ ಮೂಡಿತು; ಆಂಟಿಬಾಡಿ ಸರಿಯಾಗಿಯೇ ಇತ್ತು. ನನ್ನ ಗಿಡದ ಕಡೆ ಮತ್ತೆ ಖಾಲಿ.

ಮೂರು ವರ್ಷ!

“ಬೇಜಾರ್ ಮಾಡ್ಕಣ್ಬೇಡಿ” ಎಂದರು. “ನೀವ್ ನಿನ್ನೆ ಬರಿಯೂಕ್ ಹೊರಟದ್ದ್ ಅಂದಾಜಿ. ಇವತ್ತಿಂದ್ ಸತ್ಯ. ಇದನ್ನ್ ಧೈರ್ಯ ಮಾಡಿ ಬರೀಲಕ್ಕ್.”

ಬರೆದೆ. ಆಮೇಲೆ ದೊಡ್ಡ ದೊಡ್ಡ ವಿಜ್ಞಾನಿಗಳನ್ನು ಕಂಡಿದ್ದೇನೆ; ಶಾರದಕ್ಕನನ್ನು ಮೆಚ್ಚಿದಷ್ಟು ಯಾರನ್ನೂ ಮೆಚ್ಚಿಲ್ಲ.

ಮೊನ್ನೆ ನಾವುಂದಕ್ಕೆ ಫೋನ್ ಮಾಡಿ ಶೀಶೆ ಬಂದ ಸುದ್ದಿ ಹೇಳಿದೆ. ನಿವೃತ್ತರಾಗಿ ವರ್ಷಗಳಾದರೂ ಸ್ವರದಲ್ಲಿ ಅದೇ ಬಿರುಸು.

“ಪಾಲ್ ಮಾಡಿದ್ರ್ಯಾ?”

“ಈಗ್ಲೇ ಮಾಡ್ತಾ ಇದ್ದೆ, ಶಾರದಕ್ಕ.”

ಇಪ್ಪತ್ತು ಪಾಲು ಮಾಡಿ, ಎಲ್ಲಕ್ಕೂ ಹೆಸರು ಬರೆದೆ. ಹತ್ತೊಂಬತ್ತನ್ನು ಎದುರಿಗೇ ಇಟ್ಟೆ. ನನ್ನಂಥವನೊಬ್ಬ ಬಂದೇ ಬರುತ್ತಾನೆಂದು, ಉಳಿದ ಒಂದನ್ನು ಯಾರಿಗೂ ಹೇಳದೆ ಫ್ರೀಜರಿನ ತಳಕ್ಕೆ ಸರಿಸಿದೆ.