ತಕರಾರಮ್ಮನ ಏಳನೇ ಸಾಲು

ಆಫೀಸಿನಲ್ಲಿ ಆಕೆಯನ್ನು ಎಲ್ಲರೂ ತಕರಾರಮ್ಮ ಎಂದೇ ಕರೆಯುತ್ತಿದ್ದರು, ಅದೂ ಎದುರಿಗೇ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಹದಿಮೂರು ವರ್ಷದ ಕಸುಬಾದ ಮೇಲೆ ಇನ್ನೆಂಥ ಹೆಸರು ಬಂದೀತು? ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಪ್ರೋಗ್ರಾಮರುಗಳು ಗೊಣಗುತ್ತಿದ್ದರು. ಕಲ್ಲು ಸಿಕ್ಕಿದ ದಿನ ಮಾತ್ರ ಅವರ ಬಾಯಿಗೆ ಬೀಗ ಬೀಳುತ್ತಿತ್ತು.

ಉಳಿದವರು ಏನೇನು ಪರೀಕ್ಷಿಸುತ್ತೇವೆ ಎಂದು ಉದ್ದುದ್ದ ಬರೆದು ಕೈತೊಳೆದುಕೊಳ್ಳುವರು. ಈಕೆ ಪರೀಕ್ಷಿಸದೆ ಬಿಡುವುದನ್ನೂ ಪಟ್ಟಿ ಮಾಡಿ, ಕೆಳಗೆ ಪರೀಕ್ಷಿಸಿದವರ ಸಹಿ ಬೇಕೆಂದು ಹಟ ಹಿಡಿಯುವಳು. ಇರುವ ದಿನಗಳಲ್ಲಿ ಎಲ್ಲವನ್ನೂ ನೋಡಲಾಗದು ಎಂಬುದು ಆಕೆಗೂ ಗೊತ್ತು. “ಇದು ಕೆಟ್ರೆ ಅಳೋರು ಯಾರು?” ಎಂಬುದೇ ಆಕೆಯ ಅಳತೆಗೋಲು. ಅಳುವವರಿಲ್ಲದ ಕಡೆ ಬಿಟ್ಟರಾಯಿತು.

ಈ ಸಲ ಬಂದದ್ದು ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನ ಕೆಲಸ. ನರ್ಸು ಮಗುವಿನ ತೂಕ ಹಾಕಿದರೆ ಔಷಧ ಎಷ್ಟೆಂದು ಕಂಪ್ಯೂಟರು ಹೇಳಬೇಕು. ಆ ವಾರ್ಡಿನಲ್ಲಿ ಆಕೆಯ ಸ್ವಂತ ತಂಗಿಯೇ ನರ್ಸು. ಕುರ್ಚಿಯಲ್ಲಿ ಕೂತು ಊಹಿಸುವುದಕ್ಕಿಂತ ಕಣ್ಣಾರೆ ನೋಡಿಬಿಡೋಣವೆಂದು ಆಕೆ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ ನಿಂತಳು. ಹನ್ನೊಂದು ಮಂಚ, ಇಬ್ಬರು ನರ್ಸುಗಳು, ಒಂದೇ ಕಂಪ್ಯೂಟರು. ಕಲಿಯಲೆಂದು ಹಾಕಿಕೊಟ್ಟಿದ್ದ ಸಾಫ್ಟ್‌ವೇರಿನ ಪ್ರತಿಯಲ್ಲಿ ತಂಗಿ ಒಂದು ಮಗುವಿನ ಪುಟ ಮುಚ್ಚದೆಯೇ ಇನ್ನೊಂದರದ್ದನ್ನು ತೆರೆಯುತ್ತಿದ್ದಳು. ಮುಚ್ಚುತ್ತ ತೆರೆಯುತ್ತ ಕೂತರೆ ಅಲ್ಲಿ ಕೆಲಸ ಸಾಗುವುದುಂಟೆ?

ಆಫೀಸಿಗೆ ಬಂದವಳೇ ತಾನೂ ಎರಡು ಪುಟ ತೆರೆದು ತೂಕ ಹಾಕಿದಳು. ನಲವತ್ತು ಸಲ ಎಲ್ಲ ಸರಿಯಾಗಿತ್ತು. ನಲವತ್ತೊಂದನೆಯ ಸಲ ಆರು ಕಿಲೋ ಮಗುವಿನ ಹೆಸರಿನ ಮುಂದೆ ಇಪ್ಪತ್ತು ಕಿಲೋ ಮಗುವಿನ ಔಷಧ ಬಂದು ಕೂತಿತು. ಮತ್ತೆ ಎಷ್ಟು ಮಾಡಿದರೂ ಅದು ಬರಲಿಲ್ಲ.

“ಒಂದ್ಸಲ ಕಂಡ ಇಲಿಗೆ ಬೆಟ್ಟ ಅಗೀಬೇಕೇನ್ರೀ?” ಎಂದ ಮ್ಯಾನೇಜರ್.

“ಅಗೀಬೇಕು ಸಾರ್. ನಾಲ್ಕು ದಿನ ಕೊಡಿ. ರಿಪೋರ್ಟಿನ ಬಣ್ಣ, ಪ್ರಿಂಟು ಎಲ್ಲ ಬಿಟ್ಬಿಡೋಣ.”

“ಉದ್ಘಾಟನೆ ದಿನ ದೊಡ್ಡೋರು ನೋಡೋದೇ ಅದನ್ನ. ಇರೋದು ಆರೇ ದಿನ. ಈ ಎರಡು ಪುಟದ ವಿಷಯ ನಿಮ್ಮ ಪಟ್ಟೀಲಿ ಬರೆದು ಸಹಿ ಹಾಕಿ. ಅದಕ್ಕೆ ತಾನೆ ಪಟ್ಟಿ ಮಾಡೋದು?”

ತಾನು ತೋಡಿದ ಗುಂಡಿಗೆ ತಾನೇ ಬಿದ್ದಂತಾಯಿತು. ಎರಡು ದಿನ ವಾದಿಸಿದಳು. ಮೂರನೆಯ ದಿನ ಏಳನೇ ಸಾಲಿನಲ್ಲಿ ಅದನ್ನು ಬರೆದು ಸಹಿ ಹಾಕಿದಳು. ಮುಚ್ಚಿಟ್ಟಿಲ್ಲವಲ್ಲ ಎಂದು ಮನಸ್ಸಿಗೆ ಹೇಳಿಕೊಂಡರೂ, ಅದು ದಣಿದ ಕೈಯ ಸಹಿ.

ಊಟದ ಹೊತ್ತಿಗೆ ತಂಗಿಗೆ ಫೋನ್ ಮಾಡಿದಳು. “ಒಂದು ಸಲಕ್ಕೆ ಒಂದೇ ಪುಟ ತೆಗಿ, ಆಯ್ತಾ? ಔಷಧ ಕೊಡೋ ಮುಂಚೆ ತೂಕ ಇನ್ನೊಂದ್ಸಲ ನೋಡ್ಕೋ.”

“ಯಾಕಕ್ಕಾ, ಅದನ್ನ ನೀವು ಪರೀಕ್ಷೆ ಮಾಡ್ಲಿಲ್ವಾ?”

“ಟೈಮ್ ಸಿಗ್ಲಿಲ್ಲ ಕಣೆ.”

ಫೋನಿನ ಆಚೆ ಯಾವುದೋ ಮಗು ಕೆಮ್ಮುತ್ತಿತ್ತು.

“ಹಾಗಾದ್ರೆ ಪರೀಕ್ಷೆ ನಮ್ಮ ವಾರ್ಡಲ್ಲೇ ಆಗುತ್ತೆ ಅನ್ನು. ಯಾವ ಮಗುವಿಂದ ಶುರು ಮಾಡ್ಲಿ ಅಕ್ಕಾ?”

ನಾಚಿಕೆಯಿಂದ ಆಕೆಗೆ ಅನ್ನ ಸೇರಲಿಲ್ಲ. ಡಬ್ಬಿ ಮುಚ್ಚಿಟ್ಟು, ನೆಟ್ಟಗೆ ಮ್ಯಾನೇಜರ್ ಕೋಣೆಗೆ ಹೋಗಿ ಸಹಿ ಹಾಕಿದ ಪಟ್ಟಿಯ ಕಾಗದ ವಾಪಸ್ ಕೇಳಿದಳು.

“ಅದು ಆಗ್ಲೇ ಆಸ್ಪತ್ರೆಗೆ ಹೋಯ್ತು. ತಲೆ ಕೆಡಿಸ್ಕೋಬೇಡಿ, ಅಲ್ಲಿ ಅದನ್ನೆಲ್ಲ ಯಾರೂ ಓದಲ್ಲ” ಎಂದು ಅವನು ಸಮಾಧಾನ ಹೇಳಿದ.

ಆಕೆ ಅಲ್ಲೇ, ಅವನ ಎದುರಿಗೇ, ಫೋನ್ ತೆಗೆದಳು. ತನ್ನ ನೌಕರಿ ಇನ್ನು ಉಳಿಯುವುದಿಲ್ಲ ಎಂಬ ಭಯವಿದ್ದರೂ ಮಕ್ಕಳ ವಾರ್ಡಿನ ನಂಬರು ಒತ್ತಿದಳು. ವಾರ್ಡಿನ ದೊಡ್ಡ ಡಾಕ್ಟರು ಫೋನ್ ಎತ್ತಿದರು.

“ಸಾರ್, ನಿಮ್ಮ ಸಾಫ್ಟ್‌ವೇರ್ ಪರೀಕ್ಷೆ ಮಾಡಿದವಳು ಮಾತಾಡ್ತಿದೀನಿ. ನಿಮಗೆ ಬಂದಿರೋ ಕಾಗದದಲ್ಲಿ ಏಳನೇ ಸಾಲು ಓದಿ.”

“ಆಮೇಲೆ ನೋಡ್ತೀನಮ್ಮಾ, ರೌಂಡ್ಸಿಗೆ ಹೊರಟಿದೀನಿ.”

“ಈಗ್ಲೇ ಓದಿ ಸಾರ್. ಅದಕ್ಕೆ ಸಹಿ ಹಾಕಿದವಳು ನಾನೇ. ನೀವು ಓದಿ ಮುಗಿಸೋವರೆಗೂ ನಾನು ಫೋನ್ ಇಡಲ್ಲ.”