ಬಾಗಿಲು ಹಾಕಿಕೊಂಡು ಉಂಡವಳು

ಅಕ್ಕನ ಉಗುರುಗಳ ಸಂದಿಯಲ್ಲಿ ಯಾವಾಗಲೂ ಜೋಳದ ಹಿಟ್ಟು ಒಣಗಿರುತ್ತಿತ್ತು. ಒಡಹುಟ್ಟಿದವಳಲ್ಲ, ಸುರಪುರದ ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಯವಳು. ವಯಸ್ಸಿನಲ್ಲಿ ದೊಡ್ಡವಳು, ಅದಕ್ಕೆ ಅಕ್ಕ. ಎದುರಿಗೆ ಬಂದವರಿಗೆ ತಿನ್ನಲು ಏನಾದರೂ ಕೊಡದೆ ಆ ಕೈ ಸುಮ್ಮನಿರುತ್ತಿರಲಿಲ್ಲ. "ತಿನ್ನೋ ತಮ್ಮಾ, ಗಾಳಿ ಬಿಟ್ರ ಹಾರಿ ಶಹಾಪುರದಾಗ ಬೀಳ್ತಿ" ಎಂದು ನನಗೂ ರೊಟ್ಟಿ ತುರುಕುತ್ತಿದ್ದಳು.

ನನ್ನ ಮಗ ಹೈದರಾಬಾದಿನಿಂದ ಮೊಮ್ಮಗಳಿಗೆಂದು ಜರ್ಮನ್ ಶೆಫರ್ಡ್ ಮರಿ ತಂದ. ಹುಡುಗಿ ಅದನ್ನು ಕೆಳಗಿಳಿಸಲೇ ಇಲ್ಲ. ಅವಳು ನಕ್ಕರೆ ನನಗೆ ಮನೆಯೆಲ್ಲ ಹಬ್ಬ. ಅಕ್ಕ ಮರಿಯ ದಪ್ಪ ಪಾದ ಹಿಡಿದು ನೋಡಿ, "ದೊಡ್ಡ ಜಾತಿ ಐತಿ, ಹೊಟ್ಟಿ ತುಂಬ ಹಾಕ್ಬೇಕು" ಅಂದಳು. ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೇಲೆ ಬೆಣ್ಣೆ. ಎಲುಬು ಗಟ್ಟಿಯಾಗಲಿ ಎಂದು, ಈದ ಎಮ್ಮೆಗೆ ತಂದಿದ್ದ ಕ್ಯಾಲ್ಸಿಯಂ ಬಾಟಲಿಯನ್ನೂ ಚಮಚ ಚಮಚ ಕುಡಿಸಿದಳು.

ಮರಿ ಡೊಳ್ಳಿನಂತಾಯಿತು. ನೋಡಿದವರೆಲ್ಲ ಹೊಗಳಿದರು. ಆಮೇಲೆ ಮುಂಗಾಲುಗಳು ಹೊರಕ್ಕೆ ಬಾಗಿದವು. ಹೊಸ್ತಿಲು ಹತ್ತಲಾರದೆ ಕುಂಯ್ ಎನ್ನತೊಡಗಿತು. "ಕಾಲಿಲ್ಲದ ನಾಯಿ ಸಾಕೋದಾಗಂಗಿಲ್ಲ, ಎಲ್ಯಾರ ಬಿಟ್ಟ ಬರ್ತೀನಿ" ಎಂದ ಮಗ. ಮೊಮ್ಮಗಳು ಅಂದು ಉಣ್ಣಲಿಲ್ಲ.

ನಾನೂ ಅಕ್ಕನೂ ಮರಿಯನ್ನು ಶಹಾಪುರದ ದನದ ದವಾಖಾನೆಗೆ ಒಯ್ದೆವು. ಡಾಕ್ಟರು ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತರು, ತಮ್ಮ ತೂಕ ಕಳೆದರು, ತಲೆ ಅಲ್ಲಾಡಿಸಿದರು.

"ದೊಡ್ಡ ಜಾತಿ ಮರಿ ಸಾವಕಾಶ ಬೆಳೀಬೇಕ್ರಿ. ಎಲುಬು ಇನ್ನಾ ಎಳೀವದಾವ, ಮೈ ಭಾರ ಆದ್ರ ಕಾಲು ತಡಿಯಂಗಿಲ್ಲ. ಪಕ್ಕೆಲುಬು ಮುಟ್ಟಿದ್ರ ಕೈಗೆ ಹತ್ತಬೇಕು. ಆ ಬಾಟ್ಲಿ ಬಂದ್ ಮಾಡ್ರಿ."

"ಅಂದ್ರ ಹಸದಿರ್ಬೇಕೇನ್ರಿ ಕೂಸು?" ಅಕ್ಕ ಮರಿಯನ್ನು ತನ್ನ ಕಡೆ ಎಳೆದುಕೊಂಡಳು.

"ಉಪವಾಸ ಅಲ್ಲವ್ವಾ, ಅಳತಿ ಮಾಡಿ ಹಾಕ್ರಿ."

ಮರುದಿನದಿಂದ ಊಟದ ಹೊತ್ತಿಗೆ ಅಕ್ಕನ ಬಾಗಿಲು ಮುಚ್ಚತೊಡಗಿತು. ಆ ಬಾಗಿಲು ಹಗಲಲ್ಲಿ ಮುಚ್ಚಿದ್ದನ್ನು ಓಣಿ ಕಂಡೇ ಇರಲಿಲ್ಲ. ಮುನಿಸಿಕೊಂಡಳೆಂದು ಮಂದಿ ಆಡಿಕೊಂಡರು. ಹೊರಗೆ ಮರಿ ಬಾಗಿಲು ಕೆರೆಯುತ್ತಿತ್ತು.

"ಯಾಕಬೇ ಅಕ್ಕಾ, ಏನಾತು?" ಎಂದು ಕೂಗಿದೆ.

"ನನ್ನ ಕೈ ನನ್ನ ಮಾತ ಕೇಳಂಗಿಲ್ಲೋ ತಮ್ಮಾ! ಅದರ ಮಾರಿ ಕಂಡ್ರ ನೀಡಿಬಿಡ್ತದ. ಒಯ್ಯಿ ಆ ಭಾಡ್ಯಾನ್ನ!" ಒಳಗೆ ಅಳುತ್ತಿದ್ದಳು.

ಉಂಡಾದ ಮೇಲೆ ಬಂದು ಮರಿಯ ಪಕ್ಕೆ ಸವರುವಳು. ಒಂದು ದಿನ, "ಹತ್ತಿದ್ವು, ಎಲುಬು ಕೈಗೆ ಹತ್ತಿದ್ವು!" ಎಂದು ಮೊಮ್ಮಗಳನ್ನು ಎತ್ತಿ ತಿರುಗಿಸಿದಳು. ಮಳೆಗಾಲ ಕಳೆಯುವಷ್ಟರಲ್ಲಿ ನಾಯಿ ಓಡಿತು, ಹಿಂದೆ ನನ್ನ ಹುಡುಗಿ ಓಡಿದಳು. ಎಷ್ಟು ಹಿಗ್ಗಿದೆನೆಂದರೆ, ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರನ್ನೂ ನಿಲ್ಲಿಸಿ ಹೇಳಿದೆ.

ಈ ಬೇಸಿಗೆಯಲ್ಲಿ ಅಕ್ಕನಿಗೆ ಎದೆ ಹಿಡಿಯಿತು. ಯಾದಗಿರಿ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಮುಗಿಯಿತು. ಅಳು ಬರಲಿಲ್ಲ. ಯಾರೋ ಚಹಾ ಕೊಟ್ಟರು, ಕುಡಿದೆ. ಹೆಗಲು ಕೊಡು ಎಂದರು, ಕೊಟ್ಟೆ. ಭಾರ ಗೊತ್ತಾಗಲಿಲ್ಲ. ಬೇಡವೆಂದರೂ ಮೊಮ್ಮಗಳು ನಾಯಿಯ ಹಗ್ಗ ಹಿಡಿದು ಬಂದಳು. ಸ್ಮಶಾನದವರೆಗೂ ನಾನು ತಲೆ ಎತ್ತಲಿಲ್ಲ. ಪಕ್ಕದಲ್ಲಿ ನಡೆಯುತ್ತಿದ್ದ ಆ ನಾಲ್ಕು ಕಾಲುಗಳನ್ನೇ ನೋಡಿದೆ. ನೆಟ್ಟಗಿದ್ದವು.